ತಣ್ಣೀರ ಕೋಣೆಯ ಕಂದು ಕೋಟು

ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ನನ್ನ ನಾದಿನಿ ಮೊಣಕಾಲು ಮುಟ್ಟುವ ಕಂದು ಉಣ್ಣೆಕೋಟನ್ನು ತೊಟ್ಟೇ ಮೀನಿನ ರೋಗಗಳ ಪ್ರಯೋಗಾಲಯಕ್ಕೆ ಹೋಗುತ್ತಾಳೆ. ಬೀದಿಯವರು ನಗುತ್ತಾರೆ, ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅಲ್ಲಿ ಅವಳ ನಡಿಗೆಯೋ, ಮಗು ಮಲಗಿದ ಮನೆಯಲ್ಲಿ ಓಡಾಡುವವಳದು. ಮೀನು ಬೆಚ್ಚಿಬಿದ್ದರೆ ಅದರ ರೋಗನಿರೋಧಕ ಶಕ್ತಿ ಕುಗ್ಗುತ್ತದಂತೆ. ಒಮ್ಮೆ, ಸಭೆಗಳಲ್ಲಿ ಭಾಷಣ ಮಾಡುವ ನಾನು ತೊಟ್ಟಿಗಳ ಕೋಣೆಯ ಬಾಗಿಲನ್ನು ದಡಾರನೆ ಹಾಕಿದ್ದಕ್ಕೆ, "ಭಾವ, ನಿಮ್ಮ ಭಾಷಣ ಕೇಳೋಕೆ ಬಂದಿರೋರಲ್ಲ ಇವು, ಸ್ವಲ್ಪ ಮೆತ್ತಗೆ!" ಎಂದು ಗದರಿದ್ದಳು.

ಅವಳ ಸಂಶೋಧನೆಯೆಲ್ಲ ಒಂದು ಜೀವಕೋಶದ ಬಾಳಿನ ಕುರಿತಾದದ್ದು. ನಮ್ಮಲ್ಲಿ ಮೂಳೆಮಜ್ಜೆ ಮಾಡುವ, ರಕ್ತಕಣ ಹುಟ್ಟಿಸುವ ಕೆಲಸವನ್ನು ಮೀನಿನಲ್ಲಿ, ತಲೆಯ ಹಿಂದೆಯೇ ಇರುವ ಮೂತ್ರಪಿಂಡದ ಮುಂಭಾಗ ಮಾಡುತ್ತದೆ. ಅಲ್ಲಿ ಹುಟ್ಟಿದ ಬಿ-ಕೋಶವು ರೋಗಾಣುವನ್ನು ಗುರುತಿಸಿದ ಮೇಲೆ ಒಡೆದು ಹಲವಾಗಿ, ಉಬ್ಬಿ, ರೋಗಾಣುವನ್ನು ತಡೆಯುವ ಪ್ರತಿಕಾಯವನ್ನು ಸ್ರವಿಸಲು ತೊಡಗುತ್ತದೆ. ಪಕ್ವವಾದವು ಮರಳಿ ಅಲ್ಲಿಯೇ ನೆಲೆನಿಂತು ಬಹುಕಾಲ ಸ್ರವಿಸುತ್ತವೆ. ನೀರು ತಣ್ಣಗಿದ್ದಷ್ಟೂ ಈ ಮಾಗುವಿಕೆ ನಿಧಾನ.

ಮೊದಲ ಲಸಿಕೆಯ ಪರೀಕ್ಷೆಯಲ್ಲಿ ಅವಳು ಅವಸರಕ್ಕೆ ಬಿದ್ದು ತೊಟ್ಟಿಯ ನೀರನ್ನು ಬೆಚ್ಚಗೆ ಮಾಡಿದ್ದಳು. ಪ್ರತಿಕಾಯ ಬೇಗನೆ ಬಂತು, ಎಲ್ಲರೂ ಬೆನ್ನು ತಟ್ಟಿದರು. ಆದರೆ ಅದನ್ನೇ ನಂಬಿ ಲಸಿಕೆ ಹಾಕಿಸಿದ ಮೀನು ಸಾಕುವವನೊಬ್ಬನ, ಬೆಟ್ಟದ ಮೇಲಿನ ತಣ್ಣನೆಯ ಹೊಂಡದಲ್ಲಿ, ಕೋಶಗಳು ಮಾಗುವ ಮೊದಲೇ ರೋಗ ಬಂದು, ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಅಂದಿನಿಂದ ಅವಳ ಕೋಣೆಯೂ ಹೊಂಡದಷ್ಟೇ ತಣ್ಣಗಾಯಿತು. ಮೈಮೇಲೆ ಕೋಟು ಬಂತು.

ಎರಡನೆಯ ಸಲ ವಾರಗಟ್ಟಲೆ ಕಾದರೂ ಮೀನಿನ ರಕ್ತದಲ್ಲಿ ಪ್ರತಿಕಾಯ ಕಾಣದಾಗ, ತೊಟ್ಟಿಗಳನ್ನು ಬೇರೆಯವರಿಗೆ ಕೊಡುವುದಾಗಿ ಮುಖ್ಯಸ್ಥರು ಹೇಳಿಬಿಟ್ಟರು. "ನೀರನ್ನ ಸ್ವಲ್ಪ ಬಿಸಿ ಮಾಡಮ್ಮ, ಯಾರಿಗೆ ಗೊತ್ತಾಗುತ್ತೆ?" ಎಂದೂ ಪಿಸುಗುಟ್ಟಿದರು.

"ಮೀನಿಗೆ ಗೊತ್ತಾಗುತ್ತೆ ಸಾರ್," ಎಂದಳು ಇವಳು. ಮೂತ್ರಪಿಂಡದ ತುಣುಕೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅರ್ಧ ಮಾಗಿದ ಕೋಶಗಳನ್ನು ಅವರಿಗೆ ತೋರಿಸಿ, ಇನ್ನಷ್ಟು ಕಾಲ ಬೇಡಿ ಪಡೆದಳು. ಅಬ್ಬಾ, ಆ ದಿನಗಳಲ್ಲಿ ಅವಳಿಗಿಂತ ಅವಳ ಅಕ್ಕನಿಗೇ ಊಟ ಸೇರುತ್ತಿರಲಿಲ್ಲ!

ಕಡೆಗೂ ಪ್ರತಿಕಾಯ ಬಂತು. ತೊಟ್ಟಿಗೆ ರೋಗಾಣು ಬಿಟ್ಟು ನೋಡಿದರೂ ಮೀನು ಉಳಿದವು. ಚಳಿ ನೀರಿನಲ್ಲಿ ಲಸಿಕೆಯನ್ನು ಎಷ್ಟು ಮುಂಚೆ ಹಾಕಬೇಕೆಂಬುದೂ ತಿಳಿಯಿತು. ಅವಳು ಮೊದಲು ಕರೆಸಿದ್ದು ಆ ಹೊಂಡದವನನ್ನೇ. ಆತ ಗೋಡೆಯ ಮೇಲಿನ ಫಲಿತಾಂಶದ ನಕ್ಷೆಯತ್ತ ಕಣ್ಣೂ ಹಾಯಿಸದೆ, ಅಂಗಿಯ ತೋಳು ಮಡಚಿ, ಕೈಯನ್ನು ಮೊಣಕೈವರೆಗೆ ತೊಟ್ಟಿಯಲ್ಲಿ ಅದ್ದಿ, ಕೈ ಮರಗಟ್ಟುವವರೆಗೂ ಹಾಗೆಯೇ ನಿಂತ.

"ನಮ್ಮ ಹೊಂಡದ ನೀರೇ ಕಣಮ್ಮ," ಎಂದ. "ಈ ಸಲ ಲಸಿಕೆ ಹಾಕಿ."

ನಾದಿನಿ ಆ ಕಡೆ ತಿರುಗಿ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು.

ಇಂಥವರನ್ನು ಲೋಕ ಮಂದಗತಿಯವರು ಎನ್ನುತ್ತದೆ. ನನಗೆ ಅನ್ನಿಸುವುದೇ ಬೇರೆ: ಅವಸರದಿಂದ ಇನ್ನೊಬ್ಬರ ಬಾಳಿಗೆ ಕೇಡು ತಂದವರಲ್ಲಿ ಬಹುಪಾಲು ಜನ ಕ್ಷಮೆ ಕೇಳಿ, ಆಮೇಲೆ ಬೆಚ್ಚಗಿದ್ದುಬಿಡುತ್ತಾರೆ, ಎಲ್ಲೋ ಕೆಲವರು ಮಾತ್ರ ಕೆಲಸ ಮುಗಿಯುವವರೆಗೂ ಆ ಚಳಿಯಲ್ಲೇ ಕೂತಿರುತ್ತಾರೆ.