ಶಿರಾದಲ್ಲಿ ಅಂಟಿಸಿದ ಮುಖ

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಸವತಿ ಎರಡಾಳೆತ್ತರ ಕೂತಿದ್ದಳು. ಪಕ್ಕದಲ್ಲಿ ನನ್ನ ಗಂಡ.

ಮೊದಲು ನೋಡಿದವಳು ಸೊಸೆ ಭವ್ಯ. "ಅತ್ತೆ, ಅಲ್ನೋಡಿ, ನಮ್ಮನೆ ಫೋಟೋ!" ಎಂದು ಕೊರಟಗೆರೆ ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕುವ ಹಾಗೆ ಕೂಗಿದಳು. ಪುರವರದ ನಮ್ಮ ನಡುಮನೆಯಲ್ಲಿ ಐವತ್ತು ವರ್ಷದಿಂದ ತೂಗುತ್ತಿರುವ ಫೋಟೋವೇ ಫ್ಲೆಕ್ಸ್ ಆಗಿ ನಿಂತಿತ್ತು. ಕೆಳಗೆ ದಪ್ಪಕ್ಷರದಲ್ಲಿ ಹೀಗೆ ಬರೆದಿದ್ದರು: "ಪ್ರೀತಿ ಎಂದರೆ ಇದು! ನಮ್ಮ ಸೀಮೆಯ ಅಪರೂಪದ ಹಳೆಯ ಫೋಟೋಗಳ ಪ್ರದರ್ಶನ. ಗೌಹರ್ ಸ್ಟುಡಿಯೋ, ಶಿರಾ."

ಪ್ರೀತಿಯಂತೆ! ನನಗೆ ಅಂಗಾಲಿನಿಂದ ನೆತ್ತಿವರೆಗೆ ಉರಿಯಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಹೇಳುವವರಿಗೇನು, ಅವರ ಗಂಡಂದಿರು ಸತ್ತವಳನ್ನು ವಾರೆಗಣ್ಣಲ್ಲಿ ನೋಡುತ್ತ, ನಗುತ್ತ ಗೋಡೆಯ ಮೇಲೆ ಕೂತಿಲ್ಲ.

ಅವಳು ಗಂಗಲಕ್ಷ್ಮಿ, ನಮ್ಮ ಯಜಮಾನರು ಕದರಪ್ಪನವರ ಮೊದಲ ಹೆಂಡತಿ. ಮದುವೆಯಾಗಿ ಎರಡು ವರ್ಷಕ್ಕೇ ಜ್ವರ ಬಂದು ಹೋದಳು. ಆಮೇಲೆ ಬಂದವಳು ಹೊನ್ನಕ್ಕ, ಅಂದರೆ ನಾನು. ಅವಳು ಕಟ್ಟಿದ ಮುದ್ದೆ ಬೆಣ್ಣೆಯ ಹಾಗಿರುತ್ತಿತ್ತಂತೆ, ಅವಳ ರಂಗೋಲಿ ನೋಡಲು ಬೀದಿಯೇ ನಿಲ್ಲುತ್ತಿತ್ತಂತೆ. ನನ್ನ ಅತ್ತೆ ಕರಿಬಸಮ್ಮ ದಿನಕ್ಕೊಂದು ಹೇಳುತ್ತಿದ್ದರು. ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು. ಸತ್ತವಳು ಮುದ್ದೆ ಸೀಯಿಸುವುದಿಲ್ಲ, ಎದುರು ಮಾತಾಡುವುದಿಲ್ಲ, ಮುದುಕಿಯೂ ಆಗುವುದಿಲ್ಲ. ಅವಳ ಜೊತೆ ಯಾರು ತಾನೆ ಗೆದ್ದಾರು?

ಫೋಟೋ ಆದದ್ದೂ ಅತ್ತೆಯ ಹಟದಿಂದಲೇ. ನಾನು ಬಂದ ಹೊಸದರಲ್ಲಿ ಮನೆಯಲ್ಲಿ ಒಂದರ ಮೇಲೊಂದು ಕಾಯಿಲೆ. ಹೋದ ಮುತ್ತೈದೆ ಮುನಿದಿದ್ದಾಳೆ, ಗಂಡನ ಜೊತೆ ಅವಳ ಪಟ ಇಟ್ಟು ಪೂಜೆ ಮಾಡಿ ಎಂದು ಯಾರೋ ಹೇಳಿದರು. ಆದರೆ ಅವರಿಬ್ಬರೂ ಜೊತೆಯಲ್ಲಿ ತೆಗೆಸಿಕೊಂಡ ಫೋಟೋ ಇರಲಿಲ್ಲ. ಇದ್ದದ್ದು ನೆಂಟರ ಮದುವೆಯ ಗುಂಪಿನಲ್ಲಿ ಕಡಲೆಕಾಳಿನಷ್ಟು ಕಾಣುವ ಅವಳ ಮುಖ ಒಂದೇ.

ಅಂಥದಕ್ಕೆಲ್ಲ ಆಗ ಶಿರಾದ ಶಫೀವುಲ್ಲಾ ಸಾಹೇಬರೇ ಗತಿ. ಪಾವಗಡದಿಂದ ಮಧುಗಿರಿಯವರೆಗೆ ಸತ್ತವರನ್ನು ಬದುಕಿದವರ ಪಕ್ಕ ಕೂರಿಸುತ್ತಿದ್ದವರು ಅವರು. ಗುಂಪಿನ ಫೋಟೋದ ಮುಖವನ್ನು ದೊಡ್ಡದು ಮಾಡಿ, ಕತ್ತರಿಸಿ, ಬೇರೆ ಮೈಗೆ ಅಂಟಿಸಿ, ಅಂಟಿನ ಗೆರೆ ಕಾಣದ ಹಾಗೆ ಕುಂಚದಲ್ಲಿ ತೀಡಿ, ಅದನ್ನೇ ಮತ್ತೆ ಫೋಟೋ ತೆಗೆಯುತ್ತಿದ್ದರು. ಮೈಗೆ ಮಾತ್ರ ಯಾರಾದರೂ ಹೆಂಗಸು ಬೇಕು. ಮಗನ ಪಕ್ಕ ಪರಸ್ತ್ರೀ ಕೂರಬಾರದು ಎಂದರು ಅತ್ತೆ. ಹಾಗಾಗಿ ನಾನೇ ಕೂತೆ, ಅವಳ ಧಾರೆ ಸೀರೆ ಉಟ್ಟುಕೊಂಡು.

"ಮುಖದ್ ಚಿಂತೆ ಬ್ಯಾಡಮ್ಮಾ, ಅದನ್ನ ಹೆಂಗೂ ತೆಗ್ದಾಕ್ತೀನಿ. ಕುತ್ತಿಗೆ ಮಾತ್ರ ನೆಟ್ಟಗಿಟ್ಕೊ," ಎಂದರು ಸಾಹೇಬರು ನನಗೆ. ಇವರಿಗೆ ಹೇಳಿದ್ದು ಬೇರೆ: "ಪಕ್ಕದಲ್ಲಿ ಆಯಮ್ಮನೇ ಕೂತವ್ರೆ ಅಂದ್ಕೊಂಡು ನೋಡಿ, ಕದರಪ್ನೋರೆ."

ಒಂದು ಸಲ ತೆಗೆದರು. ಇರಲಿ ಎಂದು ಇನ್ನೊಂದು ಸಲ ಸಿದ್ಧವಾದರು. ಹೊಸ ಮದುವೆಯ ಹೆಣ್ಣು ನಾನು. ನನ್ನ ಮುಖ ಯಾರಿಗೂ ಬೇಡ, ಮೈ ಮಾತ್ರ ಎರವಲು. ಹೇಗೂ ಕತ್ತರಿಸುವ ಮುಖವಲ್ಲವೆ, ಎರಡನೆಯ ಸಲ ಕಣ್ಣು ಮೆಳ್ಳಗೆ ಮಾಡಿ ಉದ್ದಕ್ಕೆ ನಾಲಿಗೆ ಚಾಚಿಬಿಟ್ಟೆ. ಸಾಹೇಬರು ನೋಡಿಯೂ ನೋಡದವರ ಹಾಗೆ ಕ್ಯಾಮೆರಾದ ರಬ್ಬರು ಗುಂಡು ಒತ್ತಿದರು.

ಪಟ ಮನೆಗೆ ಬಂತು. ಆ ಕಾಲದ ಗಂಡಸರು ಫೋಟೋದಲ್ಲಿ ಅಮಲ್ದಾರರ ಮುಂದೆ ನಿಂತ ಹಾಗಿರುತ್ತಿದ್ದರು. ನಮ್ಮವರು ಮಾತ್ರ ಕಣ್ಣಂಚಿನಲ್ಲಿ ಪಕ್ಕಕ್ಕೆ ನೋಡುತ್ತ, ಮೀಸೆಯಡಿಯಲ್ಲಿ ತಡೆದುಕೊಳ್ಳಲಾಗದ ಒಂದು ನಗು ಇಟ್ಟುಕೊಂಡು ಕೂತಿದ್ದರು. ಬಂದವರೆಲ್ಲ "ಹೋದೋಳ್ ಮೇಲೆ ಏನ್ ಜೀವ ನೋಡು" ಎಂದರು. ಅವರು ನನ್ನ ಕಡೆ ನೋಡಿ ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಒಂದು ದಿನ ಕೇಳಿಯೂ ಕೇಳಿದೆ, "ಅದ್ಯಾಕೆ ಅಂಗ್ ನಗ್ತಿದ್ದೀರಿ ಅದ್ರಲ್ಲಿ?" "ಯಾವ್ದ್ರಲ್ಲಿ?" ಎಂದು ಎತ್ತಿಗೆ ಹುಲ್ಲು ಹಾಕಲು ಎದ್ದು ಹೋದರು. ಮಾತಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಮತ್ತೆ ನಾನು ಕೇಳಲಿಲ್ಲ. ಶುಕ್ರವಾರದ ಪೂಜೆಗೆ ಸೇವಂತಿಗೆ ಸರ ಹಾಕುವಾಗ ಅದು ಸರಿಯಾಗಿ ಅವಳ ಮುಖದ ಮೇಲೆ ಇಳಿಬೀಳುವ ಹಾಗೆ ಹಾಕುತ್ತಿದ್ದೆ, ಅಷ್ಟೆ. ಅವರು ತೀರಿಕೊಂಡ ಮೇಲೂ ಹಾಗೇ ಹಾಕುತ್ತ ಬಂದಿದ್ದೇನೆ.

ಮನೆಯೊಳಗಿನ ಉರಿಯನ್ನು ಹೂವಿನಲ್ಲಿ ಮುಚ್ಚಬಹುದು. ಬಸ್ ಸ್ಟ್ಯಾಂಡಿನಲ್ಲಿ ಮುಚ್ಚುವುದು ಹೇಗೆ? ಮಾರನೆಯ ದಿನವೇ ಶಿರಾ ಬಸ್ಸು ಹತ್ತಿದೆ.

ಸಾಹೇಬರು ಈಗಿಲ್ಲ. ಮೊಮ್ಮಗ ಅತೀಕ್ ಸ್ಟುಡಿಯೋದ ಮಹಡಿಯಲ್ಲಿ ಅಜ್ಜನ ನೆಗೆಟಿವ್‌ಗಳನ್ನೆಲ್ಲ ತಂಪು ಕೋಣೆಯಲ್ಲಿ ಜೋಡಿಸಿದ್ದಾನೆ. ಕೋಣೆ ತುಂಬ ಹುಳಿ ವಾಸನೆ. ಹಳೆ ಫಿಲ್ಮು ಕೆಡಲು ಶುರುವಾದರೆ ಹಾಗೇ ನಾರುವುದಂತೆ. ಗೋಡೆಯ ಮೇಲೆ ಗರಡಿಯ ಪೈಲ್ವಾನರು, ಕೋಟೆ ಬಾಗಿಲಲ್ಲಿ ನಿಂತ ಸ್ಕೂಲು ಮಕ್ಕಳು, ಸ್ಟುಡಿಯೋದ ಒಂದೇ ಕೋಟನ್ನು ಸರದಿಯಲ್ಲಿ ತೊಟ್ಟ ಹತ್ತೂರಿನ ಮದುಮಕ್ಕಳು. ಎಲ್ಲರ ನಡುವೆ ಮತ್ತೆ ಅವಳೇ.

"ಆ ಬ್ಯಾನರ್ ಕೀಳ್ಸಪ್ಪಾ," ಎಂದೆ.

"ಯಾಕಜ್ಜಿ? ಜನ ಅದನ್ನ ನೋಡಕ್ಕೇ ಬರ್ತಾವ್ರೆ. ಆ ತಾತನ ಕಣ್ಣಲ್ಲಿ ಪ್ಯಾರ್ ನೋಡಿ!"

"ಆ ತಾತ ನನ್ ಗಂಡ ಕಣ್ಲಾ. ಆ ಕೈ ನಂದು."

ಅವನು ನಂಬಲಿಲ್ಲ. ನಾನು ಎಡಗೈ ಚಾಚಿ ಫೋಟೋದ ಪಕ್ಕ ಹಿಡಿದೆ. ಹೆಬ್ಬೆರಳಿನ ಬುಡದಲ್ಲಿ ಕುಡುಗೋಲು ತಾಗಿ ಆದ ಬಾಗಿದ ಗಾಯದ ಗುರುತು ಎರಡರಲ್ಲೂ ಒಂದೇ. ಹುಡುಗ ಒಂದು ಸ್ಟೂಲು ಎಳೆದು ನನ್ನನ್ನು ಕೂರಿಸಿದ.

"ಮುಖ ಅಂಟ್ಸಿದ್ ಕೆಲ್ಸದ್ದೆಲ್ಲ ನಮ್ ದಾದಾ, ನಿಮ್ ಸಾಹೇಬ್ರು, ಬೇರೆ ಡಬ್ಬದಲ್ಲಿಟ್ಟವ್ರೆ. ಮನೆಮನೆ ಗುಟ್ಟು, ಯಾರ್ಗೂ ತೋರಿಸ್ಬ್ಯಾಡ ಅಂತಿದ್ರು. ನಾನಿನ್ನೂ ಅದನ್ನ ತೆಗ್ದೇ ಇಲ್ಲ," ಎಂದು ಹಳೆಯ ಬಿಸ್ಕತ್ತಿನ ಡಬ್ಬಗಳನ್ನು ಇಳಿಸಿದ. ಬ್ಯಾನರಿನ ನೆಗೆಟಿವ್ ಅಂಚಿನಲ್ಲಿ ಗೀಚಿದ್ದ ನಂಬರನ್ನೇ ಹಿಡಿದು ಒಂದು ಖಾಕಿ ಕವರು ಹುಡುಕಿ ತೆಗೆದ.

ಒಳಗೆ ಮೊದಲು ಸಿಕ್ಕಿದ್ದು ಮದುವೆಯ ಗುಂಪಿನ ಫೋಟೋದ ದೊಡ್ಡದು ಮಾಡಿದ ಪ್ರತಿ. ಸಾಲಿನ ತುದಿಯ ಹೆಂಗಸಿಗೆ ತಲೆ ಇದ್ದ ಕಡೆ ತೂತು. ನೋಡಿ ಒಂದು ಕ್ಷಣ ಅಯ್ಯೋ ಅನ್ನಿಸಿತು. ಪಾಪ, ಅವಳಿಗೂ ಅಲ್ಲಿ ಬರೀ ಮೈ ಉಳಿದಿತ್ತು. ಅನ್ನಿಸಿದ್ದು ಒಂದೇ ಕ್ಷಣ.

ಆಮೇಲೆ ಎರಡು ನೆಗೆಟಿವ್. ಅತೀಕ್ ಬಿಳಿ ಕೈಗವಸು ಹಾಕಿಕೊಂಡು ಅವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಮೊಬೈಲಿನಲ್ಲಿ ಏನೋ ಒತ್ತಿದ. ಕಪ್ಪೆಲ್ಲ ಬಿಳಿಯಾಗಿ, ಬಿಳಿಯೆಲ್ಲ ಕಪ್ಪಾಗಿ, ನಾವಿಬ್ಬರೂ ಎದ್ದು ಬಂದೆವು.

ಮೊದಲನೆಯದರಲ್ಲಿ ನಾನು ನೆಟ್ಟಗೆ ಕೂತಿದ್ದೇನೆ. ಅವಳೇ ಪಕ್ಕದಲ್ಲಿದ್ದಾಳೆ ಅಂದುಕೊಳ್ಳಿ ಎಂದು ಸಾಹೇಬರು ಹೇಳಿದ ಮೇಲೆ ತೆಗೆದದ್ದು. ನಮ್ಮವರ ಮುಖ ಮಧುಗಿರಿ ಬೆಟ್ಟದ ಹಾಗೆ ಬರೀ ಬಂಡೆ. ಅಲ್ಲಿ ನಗುವಿನ ಸುಳಿವೇ ಇಲ್ಲ.

ಎರಡನೆಯದರಲ್ಲಿ ನನ್ನ ಮೆಳ್ಳಗಣ್ಣು, ಗಲ್ಲದವರೆಗೆ ಇಳಿದ ನಾಲಿಗೆ. ಅವರ ಕಣ್ಣು ವಾರೆಯಾಗಿ ನನ್ನ ಕಡೆ ತಿರುಗಿದೆ. ಮೀಸೆಯಡಿಯಲ್ಲಿ ಅದೇ ನಗು.

ನೋಡಿದ್ದರು. ಆವತ್ತೇ ನೋಡಿದ್ದರು! ಗೋಡೆಯ ಮೇಲೆ ಅವಳಿಗೆಂದು ನಾನು ಬರೆದುಕೊಟ್ಟಿದ್ದ ನಗು ನನ್ನದಾಗಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಅತ್ತುಬಿಟ್ಟೆ.

ಅತೀಕ್ ಕೇಳಿದ, "ಅಜ್ಜಿ, ಆ ಬ್ಯಾನರ್ ಕೀಳ್ಸಿ ಇದನ್ನೇ ಹಾಕ್ಸ್ಲಾ? ಇಂಥ ಫೋಟೋ ಎಲ್ಲೂ ಇರಕ್ಕಿಲ್ಲ."

"ಬ್ಯಾಡ. ಅವ್ಳೇ ಇರ್ಲಿ ಬುಡು."

"ಇದು ದಾಖಲೆ ಅಜ್ಜಿ. ಬಚ್ಚಿಡಬಾರ್ದು."

"ನಾನ್ ಸತ್ತ್ಮೇಲೆ ಊರಿಗೆಲ್ಲ ಹಂಚು. ಅಲ್ಲೀಗಂಟ ಇದು ನಂದು. ಐವತ್ ವರ್ಷ ಅವ್ಳತ್ರ ಇತ್ತು, ಇನ್ಮೇಲೆ ಯಾರೂ ನೋಡಂಗಿಲ್ಲ."

ಅವನು ನಕ್ಕು ಒಂದು ಪ್ರತಿ ತೆಗೆದುಕೊಟ್ಟು, ಕವರನ್ನು ಮತ್ತೆ ಡಬ್ಬದೊಳಗಿಟ್ಟ.

ಮಧುಗಿರಿಯಲ್ಲಿ ಇಳಿದಾಗ ಫ್ಲೆಕ್ಸಿನ ಕೆಳಗೆ ಇಬ್ಬರು ಕಾಲೇಜು ಹುಡುಗಿಯರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. "ಎಂಥ ಲವ್ ನೋಡೇ," ಎಂದಳು ಒಬ್ಬಳು. "ಊಂ ಕಣಮ್ಮ, ಬಲು ಪ್ರೀತಿ," ಎಂದೆ ನಾನು. ಅವರು ಹೋದ ಮೇಲೆ ತಲೆ ಎತ್ತಿ ನಮ್ಮವರಿಗೆ ನಾಲಿಗೆ ಚಾಚಿದೆ. ಅವರು ತಿರುಗಲಿಲ್ಲ. ಆ ನಗುವನ್ನು ಹೊತ್ತುಕೊಂಡು ಅವಳ ಕಡೆಯೇ ನೋಡುತ್ತಿದ್ದರು.

"ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?" ಎಂದೆ.

ಶುಕ್ರವಾರ ಬಂತು. ಭವ್ಯ ಕಟ್ಟಿಕೊಟ್ಟ ಸೇವಂತಿಗೆ ಸರವನ್ನು ಪಟಕ್ಕೆ ಹಾಕಿದೆ. ರೂಢಿಯಂತೆ ಗಂಗಲಕ್ಷ್ಮಿಯ ಮುಖದ ಮೇಲೆ ಇಳಿಯಿತು. ಅದನ್ನು ಅಲ್ಲಿಂದ ಸರಿಸಿ ನಮ್ಮವರ ಕಣ್ಣಿನ ಮೇಲೆ ಇಳಿಬಿಟ್ಟೆ. ಆ ಕಡೆ ನೋಡಿದ್ದು ಸಾಕು.