ಬಿಸಿಲಿಗೆ ಕಟ್ಟಿದ ಪರದೆ

ಮದುವೆಯಾಗಿ ಇಷ್ಟು ವರ್ಷವಾದರೂ ಪ್ಲಂಬರನ ಹೆಂಡತಿ ಕಣ್ಣು ಬಿಟ್ಟಿರುವ ಒಂದೇ ಒಂದು ಫೋಟೊ ಮನೆಯಲ್ಲಿರಲಿಲ್ಲ. ಬಿಸಿಲು ಕಂಡರೆ ಅವಳ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ನಾಳೆ ಆಸ್ಪತ್ರೆಯಲ್ಲಿ ಎಡಗಣ್ಣನ್ನು ತೆಗೆಯುವವರಿದ್ದರು. ಒಳಗೆ ಗಡ್ಡೆ, ಬಿಟ್ಟರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಷ್ಟರೊಳಗೆ ಎರಡೂ ಕಣ್ಣು ತೆರೆದ ಫೋಟೊ ಒಂದು ಆಗಲೇಬೇಕೆಂದು ಪ್ಲಂಬರ್ ಹಟ ಹಿಡಿದ.

ಮನೆಯೊಳಗೆ ಹಗಲಲ್ಲೂ ಕತ್ತಲೆ. ಹಿತ್ತಲೇ ಗತಿ. ಬಿಸಿಲನ್ನು ಸೋಸಲು ಪೈಪಿನ ನಾಲ್ಕು ಕಾಲಿನ ಚೌಕಟ್ಟು, ಮೇಲೊಂದು ಬಿಳಿ ಪರದೆ. ನೆರಳು ಬಿದ್ದ ಕೆನ್ನೆಗೆ ಬೆಳಕು ತಿರುಗಿಸಲು ಬೆಳ್ಳಿ ಹಾಳೆ ಅಂಟಿಸಿದ ಥರ್ಮೊಕೋಲು. ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನಂತೆ ಅಡ್ಡಾಡುತ್ತಿದ್ದ. ಹೆಂಡತಿ ಬಂದು, ಒಂದು ಗಳಿಗೆ ಪಕ್ಕದಲ್ಲಿ ಕೂತುಕೊಳ್ಳಿ ಎಂದಳು. ಇದೊಂದು ಮುಗಿಯಲಿ ಎಂದ, ತಲೆಯನ್ನೂ ಎತ್ತಲಿಲ್ಲ ಪುಣ್ಯಾತ್ಮ. ಕೂತರೆ ನಾಳೆಯದೇ ಯೋಚನೆ ಬರುತ್ತದೆಂಬ ಭಯ ಅವನಿಗೆ.

ಗಾಳಿಯ ಕಾಟ ಬೇಡವೆಂದು ಒಳಕೋಣೆಯಲ್ಲೇ ಕೂಡಿಸಿದ ಚೌಕಟ್ಟೇನೋ ಎದ್ದು ನಿಂತಿತು. ಆದರೆ ಕೈ ಮಾತು ಕೇಳಬೇಕಲ್ಲ! ನೀರು ಸೋರದ ಹಾಗೆ ಪೈಪು ಕೂಡಿಸಿಯೇ ಅಭ್ಯಾಸ. ಮೂಲೆಮೂಲೆಗೂ ಅಂಟು ಬಳಿದು ಬಿಗಿದುಬಿಟ್ಟಿದ್ದ. ನೇರ ಹಿಡಿದರೂ ಓರೆ ಹಿಡಿದರೂ ಅದು ಬಾಗಿಲು ದಾಟಲಿಲ್ಲ. ಕ್ಯಾಮೆರಾ ತಂದಿದ್ದ ಅವಳ ತಮ್ಮ, "ಭಾವ, ಇನ್ನು ಗೋಡೆ ಒಡೆಯುವುದೊಂದೇ ಬಾಕಿ," ಎಂದು ನಕ್ಕ. ಪ್ಲಂಬರನಿಗೆ ಪಿತ್ತ ನೆತ್ತಿಗೇರಿತು. ಗರಗಸ ತೆಗೆದು ಕಾಲು ನಾಲ್ಕನ್ನೂ ಕತ್ತರಿಸಿದ. ಹಿತ್ತಲಿನ ಬಟ್ಟೆ ಒಣಹಾಕುವ ಕಂಬಗಳಿಗೆ ಚೌಕಟ್ಟನ್ನು ಬಿಗಿದು ಕಟ್ಟುವ ಹೊತ್ತಿಗೆ ಬಿಸಿಲು ಜರುಗಿತ್ತು. ಬಿಚ್ಚಿದ, ಮತ್ತೆ ಕಟ್ಟಿದ. ಗಾಳಿ ಬೀಸಿದಾಗಲೆಲ್ಲ ಪರದೆಗೆ ಶಾಪ ಹಾಕಿದ.

ಕೊನೆಗೂ ಅವಳು ಸ್ಟೂಲಿನ ಮೇಲೆ ಕೂತಳು. ಬೆಳಕು ಹಾಲಿನಂತೆ ಮೆತ್ತಗೆ ಮುಖದ ಮೇಲೆ ಹರಡಿತು. ಎರಡೂ ಕಣ್ಣು ತೆರೆದವು. ಅವಳ ತಮ್ಮ ಕ್ಯಾಮೆರಾ ಎತ್ತಿದ. ಪ್ಲಂಬರ್ ಮಾತ್ರ ಹಾಳೆ ಇತ್ತ ವಾಲಲಿ, ಪರದೆ ಅತ್ತ ಸರಿಯಲಿ ಎನ್ನುತ್ತ ಸುತ್ತುತ್ತಲೇ ಇದ್ದ. ಅವಳು ಎದ್ದು ನಿಂತಳು.

"ರೀ, ಬನ್ನಿ ಇಲ್ಲಿ. ನೀವು ಕೂತ್ಕೊಳ್ಳಿ."

"ನಾನ್ಯಾಕೆ? ಫೋಟೊ ನಿಂದು."

"ಆ ಫೋಟೊ ನೋಡೋದು ನೀವು ತಾನೆ? ನಾನೇನು ನೋಡ್ಲಿ? ಎರಡು ಕಣ್ಣಿರುವಾಗ್ಲೇ ನಿಮ್ಮನ್ನ ಒಂದ್ಸಲ ಸರಿಯಾಗಿ ನೋಡ್ಕೋಬೇಕು."

ಅವನು ಸ್ಟೂಲಿನ ಮೇಲೆ ಕೂತ. ಕೈ ಎಲ್ಲಿಡಬೇಕೋ ತೋಚದೆ ಮೊಣಕಾಲನ್ನು ಹಿಡಿದುಕೊಂಡ. ಅವಳು ಪರದೆಯ ಕೆಳಗೇ ಎದುರಿಗೆ ನಿಂತು ಅವನ ಹಣೆ, ನರೆತ ಹುಬ್ಬು, ಅಂಟು ಮೆತ್ತಿದ ಕೆನ್ನೆ, ಒಂದೊಂದನ್ನೂ ನೋಡಿದಳು. ಅವನಿಗೆ ಅಳು ಒತ್ತರಿಸಿಕೊಂಡು ಬಂತು. ಮುಖ ತಿರುಗಿಸಲು ಹೋದ. ಅವಳು ಗದ್ದ ಹಿಡಿದು ತನ್ನ ಕಡೆಗೇ ತಿರುಗಿಸಿಕೊಂಡಳು.

"ಅಲ್ಲಾಡಬೇಡಿ," ಎಂದಳು. "ಇನ್ನೂ ಆಗಿಲ್ಲ."