ಅಪ್ಪ ಬೀಳುವ ಹಾಡು

ಹಾಡಿನ ತಂಡ ಬಿಟ್ಟು ಸುಮಲತಾ ಒಬ್ಬಳೇ ಮಾಡಿದ ಮೊದಲ ಆಲ್ಬಂ ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯದು ಹಾಗಲ್ಲ. ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಯಾವ ಬಸ್ಸು ಹತ್ತಿದರೂ ಯಾರದಾದರೂ ಮೊಬೈಲಿನಲ್ಲಿ ಅದೇ ಸಾಫ್ಟ್ ರಾಕ್ ಹಾಡು: ಮೆಲ್ಲನೆಯ ಗಿಟಾರು, ತಗ್ಗಿದ ಡ್ರಮ್ಮು, ಅಡಿಕೆ ಮರದ ತುದಿಯಲ್ಲಿ ಕೈಜಾರಿ 'ಮಗಳೇ' ಎಂದು ಕೂಗುತ್ತ ಬೀಳುವ ಅಪ್ಪ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ನಿಮ್ಮ ತಂದೆಯ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಸಾವಿರಾರು ಜನ ಬರೆದೂ ಬರೆದರು.

ಅಪ್ಪ ಮಂಜಯ್ಯ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದ. ಕೂತಿದ್ದದ್ದೇ ತೊಂದರೆ. ಕೊಯ್ಲು ಶುರುವಾಗಿ ಹತ್ತು ದಿನವಾದರೂ ಯಾವ ತೋಟದವರೂ ಅವನನ್ನು ಕರೆದಿರಲಿಲ್ಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವವರ ಮನೆಯಲ್ಲಿ 'ಬಿದ್ದ' ಎಂಬ ಮಾತೇ ಅಪಶಕುನ, ಅದನ್ನು ಆಡುವುದಿಲ್ಲ. ಅಲ್ಲಿ ಚೊಂಬು ಉರುಳುತ್ತದೆ, ಗೊನೆ ಇಳಿಯುತ್ತದೆ. ಎಂಟು ವರ್ಷದ ಹಿಂದೆ ಮಗ ಹರೀಶ ಮಂಜಯ್ಯನ ಕಣ್ಣೆದುರೇ ಮರದಿಂದ ಬಿದ್ದು ಸತ್ತಾಗಲೂ 'ಹರೀಶ ಹೋದ' ಎಂದಷ್ಟೇ ಅಂದಿದ್ದರು. ಇದೆಲ್ಲ ಬಲ್ಲ ಸುಮಲತಾ, ಅಣ್ಣನ ಹೆಸರು ಬರೆಯಲು ಕೈ ಬಾರದೆ, ಅವನ ಸಾವನ್ನು ಬದುಕಿರುವ ಅಪ್ಪನ ತಲೆಗೆ ಕಟ್ಟಿ ಲೋಕಕ್ಕೆಲ್ಲ ಹಾಡಿಬಿಟ್ಟಿದ್ದಳು. ಜಾಣೆ!

ಕೊಪ್ಪದಲ್ಲಿ ಸಂಜೆಯ ಕಾರ್ಯಕ್ರಮಕ್ಕೆಂದು ಊರಿಗೆ ಬಂದವಳಿಗೆ ವಿಷಯ ತಿಳಿಸಿದವನು ದೇವಪ್ಪ. ಮೂವತ್ತು ವರ್ಷ ಮಂಜಯ್ಯ ಹತ್ತಿದ ಮರದ ಕೆಳಗೆ ನಿಂತು ಗೊನೆ ಜಾರಿಬಿಡುವ ಹಗ್ಗ ಹಿಡಿದವನು.

"ಬೇಜಾರು ಮಾಡ್ಕಬೇಡ ಮಾರಾಯ್ತಿ. ಆ ಹಾಡು ಕೇಳಿದ ಮೇಲೆ ಅವನ ಜೊತೆ ಕೆಲಸಕ್ಕೆ ಯಾರೂ ಬರ್ತಿಲ್ಲ. ನಂಗೂ ಹೆದರಿಕೆನೇ."

ಮಂಜಯ್ಯ ಒಳಗಿನಿಂದ ಬಂದ. ಕೈಯಲ್ಲಿ ಮರ ಹತ್ತುವಾಗ ಕಾಲಿಗೆ ಹಾಕುವ ಹಗ್ಗದ ತಳೆ. "ಗಿಟಾರು ತಗಾ. ನಡಿ."

ದೇವಪ್ಪನೂ ಹಿಂದೆಯೇ ಬಂದ. ಹತ್ತಿರದ ಮೇಗುಂದದ ತೋಟವೊಂದರಲ್ಲಿ ನಾಲ್ವರು ಗೊನೆ ಇಳಿಸುತ್ತಿದ್ದರು. ಯಾರೂ ಬೇಡ ಎನ್ನುವ ಮೊದಲೇ ಅರವತ್ತೊಂದರ ಮಂಜಯ್ಯ ಮರದ ತುದಿ ಸೇರಿದ್ದ.

"ಹಾಡೇ! ಎಲ್ರೂ ಕೇಳ್ಲಿ."

"ಅಪ್ಪಾ, ಇಳಿ. ನಿನ್ನ ಕಾಲಿಗೆ..." ಬೀಳ್ತೀನಿ ಎಂಬ ಮಾತನ್ನು ಸುಮಲತಾ ಗಂಟಲಲ್ಲೇ ಹಿಡಿದಳು.

"ಹಾಡೋವರೆಗೂ ನಾ ಇಳಿಯೋನಲ್ಲ."

ಅವಳು ಹಾಡಿದಳು. ಬೆರಳು ಬೆವರಿ ತಂತಿ ಜಾರುತ್ತಿತ್ತು. ಮೇಲೆ ಅಪ್ಪ ಮರವನ್ನು ಜೋಲಿ ಹೊಡೆಸುತ್ತ ಪಕ್ಕದ ಮರಕ್ಕೆ ಕೈಚಾಚಿದ. ಕೈಜಾರುವ ಸಾಲು ಬಂತು. ಆಗ ಅವನ ಒಂದು ಕೈ ಆ ಮರದಲ್ಲಿ, ಒಂದು ಈ ಮರದಲ್ಲಿ. ದೇವಪ್ಪ ಹಿಂದೆ ಸರಿದ. ಹಾಡು ನಿಲ್ಲಿಸಿದರೆ ಅಪ್ಪ ಎರಡು ಮರಗಳ ನಡುವೆಯೇ ತಡೆದು ನಿಲ್ಲುತ್ತಾನೆ ಎಂಬ ಭಯಕ್ಕೆ ಅವಳು ಕಣ್ಣು ಮುಚ್ಚಿ 'ಮಗಳೇ' ಎಂದು ಕೂಗಿಯೇ ಬಿಟ್ಟಳು.

ಬಾಗಿದ ಮರ ಸುಂಯ್ಯನೆ ನೆಟ್ಟಗಾಯಿತು. ಕಣ್ಣು ಬಿಟ್ಟರೆ ಅಪ್ಪ ಪಕ್ಕದ ಮರದ ಮೇಲಿದ್ದ. "ಎಂತ ನೋಡ್ತೀಯಾ ದೇವಪ್ಪ? ಹಗ್ಗ ಹಿಡಿ!"

ಹಗ್ಗದಗುಂಟ ಗೊನೆ ಜಾರಿಬಂದು ದೇವಪ್ಪನ ಕೈಸೇರಿತು. "ನಾಳೆ ಏಳಕ್ಕೆ ಬಾ ಮಾರಾಯ," ಎಂದ ಅವನು, ಮೇಲೆ ನೋಡದೆ.

ಮಂಜಯ್ಯ ಇಳಿದು ಬಂದ. ಮಗಳ ಪಕ್ಕ ಕೂತು ತಳೆ ಬಿಚ್ಚಿದ.

"ಹಾಡು ಚೆನ್ನಾಗಿದೆ. ಒಂದು ಸುಳ್ಳಿದೆ."

"ಯಾವುದಪ್ಪಾ?"

"ಕೂಗೋದು. ಅಷ್ಟು ಹೊತ್ತು ಸಿಗೋದಿಲ್ಲ ಕಣೆ." ಅವನು ತಳೆಯನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡ. "ಹರೀಶ ಬಿದ್ದ. ನಾನು ಕೆಳಗೇ ಇದ್ದೆ. ಅವನು ಕೂಗಲೇ ಇಲ್ಲ."

ಎಂಟು ವರ್ಷದಲ್ಲಿ 'ಬಿದ್ದ' ಎಂಬ ಮಾತು ಅಪ್ಪನ ಬಾಯಿಂದ ಬಂದದ್ದು ಅದೇ ಮೊದಲು. ಸುಮಲತಾ ಅವನ ಭುಜಕ್ಕೆ ಮುಖವಿಟ್ಟು ಅತ್ತಳು.

ಸಂಜೆ ಕೊಪ್ಪದ ಸಭಾಂಗಣದಲ್ಲಿ ಜಾಗವಿರಲಿಲ್ಲ. ಆ ಕೂಗಿನ ಸಾಲು ಬಂದಾಗ ಅವಳು ಗಿಟಾರಿನ ತಂತಿಗಳ ಮೇಲೆ ಅಂಗೈಯಿಟ್ಟು ಸುಮ್ಮನಾದಳು. ಹಾಡನ್ನು ಬಾಯಿಪಾಠ ಮಾಡಿಕೊಂಡಿದ್ದ ಜನ ಬಿಡಲಿಲ್ಲ, ಒಟ್ಟಾಗಿ 'ಮಗಳೇ' ಎಂದು ಕೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಂಜಯ್ಯ ಎರಡೂ ಕಿವಿ ಮುಚ್ಚಿಕೊಂಡ.